ಕಡಲಡಿಯ ತಂತಿಯ ವಿದ್ಯೆ

ಸಮುದ್ರದ ತಳದಲ್ಲಿ ಹಾಸಿರುವ ಕೇಬಲ್ಲುಗಳನ್ನೇ ವಿಷಯವಾಗಿ ಆರಿಸಿಕೊಂಡು ಸ್ನಾತಕೋತ್ತರ ಪದವಿಗೆ ಓದಬಯಸುವ ವಿದ್ಯಾರ್ಥಿಯು ಯಾವ ಶಾಸ್ತ್ರವನ್ನು ಕಲಿಯಬೇಕು? ಭೌತಶಾಸ್ತ್ರವನ್ನು ಎಂದು ನಾವು ಒಡನೆಯೇ ಹೇಳಿಬಿಡಬಹುದು. ಅದು ನಮ್ಮ ಕಸುಬಿನ ಅಭಿಮಾನ. ಖಂಡಗಳ ನಡುವಣ ಅಂತರಜಾಲದ ಸಂದೇಶಗಳೆಲ್ಲವೂ ಬಹುಮಟ್ಟಿಗೆ ಈ ಕೇಬಲ್ಲುಗಳಲ್ಲಿಯೇ ಹರಿಯುತ್ತವೆ. ಹೊರದೇಶದ ವಿಶ್ವವಿದ್ಯಾನಿಲಯವೊಂದು ಅಂತರಜಾಲದ ಮೂಲಕ ಪಾಠ ಹೇಳಿದರೆ ಆ ಪಾಠವೂ ಕಡಲಡಿಯಿಂದಲೇ ಬರುವುದು. ಆದರೆ ಅವುಗಳ ಚರಿತ್ರೆಯು ಒಂದೇ ಶಾಸ್ತ್ರದ ಗೆಲುವಲ್ಲ.

1858ರ ಆಗಸ್ಟ್ 5ರಂದು ಐರ್ಲೆಂಡಿಗೂ ನ್ಯೂಫೌಂಡ್‌ಲೆಂಡಿಗೂ ತಂತಿಯ ಸಂಬಂಧ ಏರ್ಪಟ್ಟಿತು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶವು ಅಟ್ಲಾಂಟಿಕ್ ಸಾಗರವನ್ನು ದಾಟಲು ಸುಮಾರು 16 ಗಂಟೆ ಹಿಡಿಯಿತು. ವಿದ್ಯುತ್ತಿನ ಸಂಕೇತವು ಹೀಗೆ ಆಮೆಯಂತೆ ತೆವಳಲು ಕಾರಣವೇನು?

ಒಣಗಿದ ಕಾಲುವೆಯೊಂದನ್ನು ಊಹಿಸಿಕೊಳ್ಳೋಣ. ಅದರ ಉದ್ದಕ್ಕೂ ಗುಂಡಿಗಳಿವೆ. ತಲೆಯಲ್ಲಿ ತೂಬನ್ನೆತ್ತಿದೊಡನೆ ಕೊನೆಯ ಗದ್ದೆಗೆ ನೀರು ಬಾರದು. ಗುಂಡಿಗಳು ಮೊದಲು ತುಂಬಬೇಕು. ಕಾಲುವೆ ಎರಡರಷ್ಟು ಉದ್ದವಾದರೆ ಗುಂಡಿಗಳೂ ಎರಡರಷ್ಟು, ಹರಿವಿಗೆ ತಡೆಯೂ ಎರಡರಷ್ಟು. ಆದ್ದರಿಂದ ವಿಳಂಬವು ನಾಲ್ಕರಷ್ಟು. ಕೇಬಲ್ಲಿನಲ್ಲಿಯೂ ಹಾಗೆಯೇ. ಒಳಗೆ ತಾಮ್ರದ ತಂತಿ, ಅದರ ಸುತ್ತ ಗಟಾಪರ್ಚದ ಹೊದಿಕೆ, ಹೊರಗೆ ಉಪ್ಪುನೀರು: ಇವು ಮೂರೂ ಸೇರಿ ಒಂದು ನೀಳವಾದ ವಿದ್ಯುದ್ಧಾರಕವಾಗುತ್ತವೆ. ರೋಧವೂ ಧಾರಣಶಕ್ತಿಯೂ ಉದ್ದದೊಡನೆ ಬೆಳೆಯುವುದರಿಂದ ವಿಳಂಬವು ಉದ್ದದ ವರ್ಗಕ್ಕೆ ಅನುಗುಣವಾಗಿರುತ್ತದೆ. ಕೇಬಲ್ಲು ಹತ್ತರಷ್ಟಾದರೆ ವಿಳಂಬ ನೂರರಷ್ಟು.

ಇದನ್ನು 1855ರಲ್ಲಿಯೇ ಪ್ರಕಟಿಸಿದವನು ವಿಲಿಯಂ ಟಾಮ್ಸನ್. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು. ಉಷ್ಣವು ಕಬ್ಬಿಣದ ಸರಳಿನಲ್ಲಿ ಹರಡುವ ಬಗೆಗೆ ಫೂರ್ಯೇ ಬರೆದ ಸಮೀಕರಣವೇ ಇಲ್ಲಿಯೂ ಸಲ್ಲುವುದೆಂದು ಅವನು ಕಂಡುಕೊಂಡನು. ಕಂಪನಿಯ ವಿದ್ಯುತ್ ತಜ್ಞನಾಗಿದ್ದ ವೈಲ್ಡ್‌ಮನ್ ವೈಟ್‌ಹೌಸನು ಇದನ್ನು ಒಪ್ಪಲಿಲ್ಲ. ವೃತ್ತಿಯಿಂದ ಶಸ್ತ್ರವೈದ್ಯನಾದ ಅವನು ಪ್ರಯೋಗಪಟು, ಶ್ರಮಜೀವಿ. ಗಣಿತವೆಂದರೆ ಮಾತ್ರ ಸಂದೇಹ. ಸಂಕೇತವು ಕ್ಷೀಣವಾದಾಗ ಅವನು ಸುಮಾರು 2,000 ವೋಲ್ಟುಗಳ ಒತ್ತಡವನ್ನು ಪ್ರಯೋಗಿಸಿದನು. ಕೆಲವೇ ವಾರಗಳಲ್ಲಿ ಕೇಬಲ್ಲು ಮೂಕವಾಯಿತು. ತಪ್ಪನ್ನೆಲ್ಲ ವೈಟ್‌ಹೌಸನ ತಲೆಗೆ ಕಟ್ಟುವುದು ವಾಡಿಕೆಯಾದರೂ ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಕೇಬಲ್ಲನ್ನು ಎರಡು ಕಾರ್ಖಾನೆಗಳು ಅರ್ಧರ್ಧ ತಯಾರಿಸಿದ್ದುವು. ಒಂದು ಹೊರಗಣ ಕಬ್ಬಿಣದ ತಂತಿಗಳನ್ನು ಎಡಕ್ಕೆ ಹೊಸೆದರೆ ಇನ್ನೊಂದು ಬಲಕ್ಕೆ ಹೊಸೆದಿತ್ತು!

ಅನಂತರ ನಡೆದ ವಿಚಾರಣೆಯ ವರದಿಯು 1861ರಲ್ಲಿ ಹೊರಬಂದಿತು. ಅದೇ ವರ್ಷ ವಿದ್ಯುತ್ತಿನ ರೋಧಕ್ಕೆ ಒಂದು ಖಚಿತವಾದ ಮಾನವನ್ನು ಗೊತ್ತುಪಡಿಸಲು ಬ್ರಿಟಿಷ್ ಅಸೋಸಿಯೇಷನ್ ಸಮಿತಿಯನ್ನು ನೇಮಿಸಿತು. ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಬಳಸುವ ಓಮ್ ಎಂಬ ಮಾನದ ಹುಟ್ಟಿನಲ್ಲಿ ಈ ಕಡಲ ತಂತಿಗಳಿಗೂ ಪಾಲುಂಟು. 1866ರಲ್ಲಿ ಗ್ರೇಟ್ ಈಸ್ಟರ್ನ್ ಹಡಗು ಹಾಸಿದ ಕೇಬಲ್ಲಿನಲ್ಲಿ ತಾಮ್ರವು ಸುಮಾರು ಮೂರರಷ್ಟಿತ್ತು, ಅದು ಬಾಳಿತು.

ಈಗ ಸಂಕೇತವನ್ನು ಒಯ್ಯುವುದು ಬೆಳಕು. ಅಟ್ಲಾಂಟಿಕ್ಕಿನಲ್ಲಿ ಗಾಜಿನ ಎಳೆಯ ಮೊದಲ ಕೇಬಲ್ಲು ಕೆಲಸಕ್ಕೆ ಬಂದುದು 1988ರಲ್ಲಿ. ಉತ್ತಮವಾದ ಎಳೆಯಲ್ಲಿಯೂ 100 ಕಿಲೋಮೀಟರು ಸಾಗುವಷ್ಟರಲ್ಲಿ ಬೆಳಕಿನ ನೂರರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ. 6,000 ಕಿಲೋಮೀಟರಿನ ಕೊನೆಗೆ ಉಳಿಯುವ ಪಾಲನ್ನು ಬರೆಯಹೊರಟರೆ ಛೇದದಲ್ಲಿ 1ರ ಮುಂದೆ 120 ಸೊನ್ನೆಗಳು ಬೇಕು. ಒಂದು ಫೋಟಾನು ಕೂಡ ದಡ ಸೇರದು. ಆದುದರಿಂದ ಸುಮಾರು 60ರಿಂದ 100 ಕಿಲೋಮೀಟರಿಗೊಂದರಂತೆ, ಎರ್ಬಿಯಂ ಬೆರೆಸಿದ ಎಳೆಯುಳ್ಳ ವರ್ಧಕಗಳನ್ನು ಕೂಡಿಸುತ್ತಾರೆ. ಅವುಗಳಿಗೆ ಬೇಕಾದ ವಿದ್ಯುತ್ತನ್ನು ದಡದಿಂದಲೇ, ಹಲವು ಸಾವಿರ ವೋಲ್ಟುಗಳ ಒತ್ತಡದಲ್ಲಿ, ಅದೇ ಕೇಬಲ್ಲಿನ ಲೋಹದ ವಾಹಕದ ಮೂಲಕ ಕಳುಹಿಸಬೇಕು. ವೈಟ್‌ಹೌಸನ ವೋಲ್ಟುಗಳು ಹೀಗೆ ಬೇರೊಂದು ಕೆಲಸಕ್ಕೆ ಮರಳಿ ಬಂದಿವೆ.

ಇಷ್ಟನ್ನು ಅರಿತ ಭೌತಶಾಸ್ತ್ರಜ್ಞನೂ ಕೇಬಲ್ಲು ಮಲಗಿರುವ ನೆಲವನ್ನು ಅರಿತವನಲ್ಲ. 1929ರ ನವೆಂಬರ್ 18ರಂದು ನ್ಯೂಫೌಂಡ್‌ಲೆಂಡಿನ ದಕ್ಷಿಣಕ್ಕೆ ಭೂಕಂಪವಾದಾಗ 12 ಕೇಬಲ್ಲುಗಳು ತುಂಡಾದುವು. ಕೆಲವು ಒಡನೆಯೇ, ಉಳಿದುವು ಇಳಿಜಾರಿನುದ್ದಕ್ಕೂ ಒಂದರ ಬಳಿಕ ಒಂದಾಗಿ, ಹಲವು ಗಂಟೆಗಳ ಕಾಲ. ಕಡಿದ ಹೊತ್ತುಗಳು ತಂತಿ ಕಚೇರಿಗಳಲ್ಲಿ ದಾಖಲಾಗಿದ್ದುವು. 1952ರಲ್ಲಿ ಹೀಜನ್ ಮತ್ತು ಯೂಯಿಂಗ್ ಎಂಬ ಭೂವಿಜ್ಞಾನಿಗಳು ಅವನ್ನು ಮುಂದಿಟ್ಟುಕೊಂಡು, ಕೆಸರು ತುಂಬಿದ ಪ್ರವಾಹವೊಂದು ಸಾಗರದ ಇಳಿಜಾರಿನಲ್ಲಿ ಧುಮುಕಿತೆಂದು ವಾದಿಸಿ ಅದರ ವೇಗವನ್ನೂ ಲೆಕ್ಕಹಾಕಿದರು.

ಆದರೂ ಕೇಬಲ್ಲುಗಳನ್ನು ಹೆಚ್ಚಾಗಿ ಕಡಿಯುವುದು ಪ್ರಕೃತಿಯಲ್ಲ, ಹಡಗಿನ ಲಂಗರು ಮತ್ತು ಮೀನುಗಾರರ ಬಲೆ. ಅದಕ್ಕೆ ಸಮೀಕರಣವಿಲ್ಲ, ಕಾನೂನು ಬೇಕು. 1884ರಲ್ಲಿ ಪ್ಯಾರಿಸಿನಲ್ಲಿ ರಾಷ್ಟ್ರಗಳು ಸಹಿ ಹಾಕಿದ ಒಪ್ಪಂದದ ಪ್ರಕಾರ, ಕೇಬಲ್ಲನ್ನು ಉಳಿಸಲೆಂದು ತನ್ನ ಲಂಗರನ್ನೋ ಬಲೆಯನ್ನೋ ತೊರೆದುದಾಗಿ ರುಜುವಾತುಪಡಿಸುವ ಹಡಗಿನವನಿಗೆ ಕೇಬಲ್ಲಿನ ಒಡೆಯನು ಅದರ ನಷ್ಟವನ್ನು ಕಟ್ಟಿಕೊಡಬೇಕು.