ಬಿಚ್ಚಿಟ್ಟ ಇಂಜಿನ್ನಿಗೆ ಬೆಲೆ ಕಟ್ಟುವವರು ಯಾರು?

ಅಮೆರಿಕದಲ್ಲಿ ಕ್ವಾಡ್ ಬೈಕಿನ ಹುಚ್ಚು ಹತ್ತಿಸಿಕೊಂಡವರು ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಿಸುವಾಗ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಅರ್ಧ ಬಿಚ್ಚಿಟ್ಟ ಇಂಜಿನ್ನಿನಲ್ಲಿ. ಸೋಫಾದ ಮೇಲೆ ಗೀರು ಬಿದ್ದರೆ ಎಲ್ಲರ ಕಣ್ಣಿಗೂ ಕಾಣುತ್ತದೆ. ಹಳೇ ಟವೆಲಿನಲ್ಲಿ ಸುತ್ತಿಟ್ಟ ಕ್ರ್ಯಾಂಕಿನ ಬೆಲೆ ಅದರ ಯಜಮಾನನಿಗೆ ಮಾತ್ರ ಗೊತ್ತು. ಸಾಮಾನು ಸಾಗಿಸುವ ಮೂವರ್ಸ್‌ನವರು ಅದನ್ನು ತೂಕದಲ್ಲಿ ಅಳೆಯುತ್ತಾರೆ. ವಿಮೆಯವರು ರಸೀದಿ ಕೇಳುತ್ತಾರೆ. ಕೊಳ್ಳಲು ಬಂದವನು ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆಯೇ ಎಂದಷ್ಟೇ ನೋಡುತ್ತಾನೆ. ಮಿಶಿಗನ್ನಿನ ಡೆಟ್ರಾಯಿಟ್ ಪಕ್ಕದಿಂದ ಕೊಲರಾಡೊದ ಡೆನ್ವರ್‌ಗೆ ಸಂಸಾರ ಸಮೇತ ಬಂದಾಗ ಈ ಮೂರು ಲೆಕ್ಕಗಳನ್ನೂ ನಾನು ಹತ್ತಿರದಿಂದ ಕಂಡೆ. ವಾಹನ ಉದ್ಯಮದಲ್ಲಿ ಕೆಲಸ ಮಾಡುವ ಕನ್ನಡಿಗರು ಮಿಶಿಗನ್ನಿನಲ್ಲಿ ತುಂಬ ಜನ ಇದ್ದಾರೆ. ಅವರಲ್ಲಿ ಈ ಹವ್ಯಾಸ ಹಿಡಿದವರೂ ಇದ್ದಾರೆ. ಈ ಅಂಕಣ ಮುಖ್ಯವಾಗಿ ಅವರಿಗೆ.

ನನ್ನದು ಯಮಾಹಾ ಬ್ಯಾನ್ಶಿ. 1987ರಿಂದ 2006ರವರೆಗೆ ಅಮೆರಿಕದಲ್ಲಿ ಮಾರಾಟವಾದ, 347 ಸಿಸಿಯ, ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಗಾಡಿ. ಬ್ಯಾಟರಿ ಇಲ್ಲ, ಸೆಲ್ಫ್ ಇಲ್ಲ. ಎಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲಿ ರಾಜದೂತ್ 350 ಕಂಡವರಿಗೆ ಇದರ ಸದ್ದು ಹೊಸದೆನಿಸದು. ಎರಡೂ ಯಮಾಹಾದ ಆರ್‌ಡಿ ವಂಶದವು, 64 ಮಿ.ಮೀ. ಬೋರ್, 54 ಮಿ.ಮೀ. ಸ್ಟ್ರೋಕ್ ಎಂಬ ಅಳತೆಯೂ ಒಂದೇ. ರಾಜದೂತ್ ಗಾಳಿಯಲ್ಲಿ ತಣಿಯುತ್ತಿತ್ತು, ಬ್ಯಾನ್ಶಿ ನೀರಿನಲ್ಲಿ ತಣಿಯುತ್ತದೆ.

ಮಿಶಿಗನ್ ಸರೋವರದ ದಂಡೆಯಲ್ಲಿ, ಮಿಯರ್ಸ್ ಎಂಬ ಊರಿನ ಹತ್ತಿರ, ಸಿಲ್ವರ್ ಲೇಕ್ ಮರಳುಗುಡ್ಡಗಳಿವೆ. ಸುಮಾರು 450 ಎಕರೆ ಜಾಗದಲ್ಲಿ ಇಂಥ ಗಾಡಿಗಳನ್ನು ಓಡಿಸಬಹುದು. ಏಪ್ರಿಲ್ 1ಕ್ಕೆ ತೆರೆದರೆ ಅಕ್ಟೋಬರ್ 31ಕ್ಕೆ ಮುಚ್ಚುತ್ತದೆ. ಹಾಗಾಗಿ ಅಲ್ಲಿನ ಹವ್ಯಾಸಿಗಳ ವರ್ಷ ಎರಡು ಭಾಗ: ಬೇಸಿಗೆಯಲ್ಲಿ ಓಡಿಸುವುದು, ಹಿಮ ಬಿದ್ದ ಮೇಲೆ ಇಂಜಿನ್ ಬಿಚ್ಚುವುದು. ಮರಳು ಏರ್ ಫಿಲ್ಟರ್ ದಾಟಿ ಒಳಗೆ ಹೋದರೆ ಪಿಸ್ಟನ್ ರಿಂಗು, ಸಿಲಿಂಡರಿನ ಗೋಡೆ ಎರಡನ್ನೂ ತಿನ್ನುತ್ತದೆ. ಬ್ಯಾನ್ಶಿಯ ಸಿಲಿಂಡರಿನೊಳಗೆ ಎರಕದ ಕಬ್ಬಿಣದ ಸ್ಲೀವ್ ಇರುವುದರಿಂದ ಬೋರ್ ಮಾಡಿಸಿ, ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಿ ಮತ್ತೆ ಹೊಸದರಂತೆ ಓಡಿಸಬಹುದು. ಅಮೆರಿಕದ ಈ ಹವ್ಯಾಸಿಗಳು ಎಷ್ಟೋ ವರ್ಷದ ಹಿಂದೆ ತಯಾರಿ ನಿಂತ ಗಾಡಿಯನ್ನು ಇಂದಿಗೂ ಜೀವಂತ ಇಟ್ಟುಕೊಂಡಿರುವುದು ಹೀಗೆ. ಅದರ ಬಗ್ಗೆ ನನಗೆ ತುಂಬು ಗೌರವವಿದೆ.

ಖರ್ಚು ಎಷ್ಟು? ನಾನು ಕೊನೆಯ ಸಲ ಮಾಡಿಸಿದ ಕೆಲಸದ ಲೆಕ್ಕ ಸುಮಾರಾಗಿ ಹೀಗಿದೆ. ಪಿಸ್ಟನ್ ಜೋಡಿ 220 ಡಾಲರ್. ಬೋರ್ ಮಾಡಿಸಿ ಹೋನ್ ಹಾಕಿಸಿದ್ದಕ್ಕೆ 120. ಕ್ರ್ಯಾಂಕ್ ಬಿಚ್ಚಿ, ಬೇರಿಂಗ್ ಬದಲಿಸಿ, ನೇರ ಮಾಡಿ ವೆಲ್ಡ್ ಹಾಕಿಸಿದ್ದಕ್ಕೆ 420. ಸೀಲು, ಗ್ಯಾಸ್ಕೆಟ್ಟು 90. ಇಷ್ಟಕ್ಕೇ 850. ಅದರ ಮೇಲೆ ಹೊಸ ಹೆಡ್ಡಿಗೆ 200, ಪೋರ್ಟಿಂಗಿಗೆ 350 ಸೇರಿಸಿದರೆ 1,400. ಎಲ್ಲ ಬೋಲ್ಟುಗಳೂ ತಮ್ಮ ಜಾಗದಲ್ಲಿ ಕೂತು, ಇಂಜಿನ್ ಓಡುತ್ತಿದ್ದರೆ ಕೊಳ್ಳುವವನು ಇದರಲ್ಲಿ ಬಹುಪಾಲು ದುಡ್ಡು ಕೊಡುತ್ತಾನೆ. ಅದೇ ಭಾಗಗಳನ್ನು ಡಬ್ಬದಲ್ಲಿಟ್ಟು ತೋರಿಸಿದರೆ ಅರ್ಧವೂ ಸಿಗುವುದಿಲ್ಲ. ಏನು ಕಾಣೆಯಾಗಿದೆಯೋ, ಯಾವುದು ಸವೆದಿದೆಯೋ ಎಂಬ ಅವನ ಅನುಮಾನಕ್ಕೆ ನಾವು ತೆರುವ ಬೆಲೆ ಅದು.

ನಮ್ಮ ಮನೆಯಲ್ಲಿ ಈ ಖರ್ಚಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇದೆ. ಅದು ಹೆಂಡತಿಯ ಯೋಜನೆ. "ರೀ, ಗಾಡಿಗೆ ಖರ್ಚು ಮಾಡಬೇಡಿ ಅನ್ನಲ್ಲ. ಆದರೆ ಅದರ ದುಡ್ಡು ಅದರ ಖಾತೆಯಿಂದಲೇ ಹೋಗಲಿ, ಮನೆ ದುಡ್ಡಿಗೆ ಸೇರಿಸಬೇಡಿ" ಎಂದಿದ್ದಳು. ತಿಂಗಳಿಗೆ ಇಷ್ಟೆಂದು ಸಂಬಳದಿಂದ ಅದಕ್ಕೆ ಹೋಗುತ್ತದೆ, ಮಾರಿದ ಬಿಡಿಭಾಗದ ಹಣ ಅದಕ್ಕೇ ಬಂದು ಬೀಳುತ್ತದೆ. ಊರು ಬಿಡುವ ಮಾತು ಬಂದಾಗ ಇದರ ದೊಡ್ಡ ಉಪಯೋಗ ತಿಳಿಯಿತು. ಪ್ರತಿ ಭಾಗಕ್ಕೂ ತಾರೀಖು, ಮೊತ್ತ, ಅಂಗಡಿ ಎಲ್ಲವೂ ಒಂದೇ ಪಟ್ಟಿಯಲ್ಲಿ ಇತ್ತು. ಬೇರೆ ಯಾವ ದಾಖಲೆಯನ್ನೂ ನಾನು ಹುಡುಕಬೇಕಾಗಲಿಲ್ಲ.

ಈಗ ಮೂವರ್ಸ್ ಲೆಕ್ಕಕ್ಕೆ ಬರೋಣ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಮನೆ ಸಾಮಾನು ಸಾಗಿಸುವ ಕಂಪನಿಗಳು ಎರಡು ಬಗೆಯ ಹೊಣೆ ಹೊರುತ್ತವೆ. ಒಂದು, ಪೂರ್ಣ ಮೌಲ್ಯದ ಹೊಣೆ. ಅದಕ್ಕೆ ಹೆಚ್ಚು ಹಣ ಕೊಡಬೇಕು. ಇನ್ನೊಂದಕ್ಕೆ ಹೆಚ್ಚುವರಿ ಹಣವಿಲ್ಲ, ಆದರೆ ವಸ್ತು ಕಳೆದರೆ ಅಥವಾ ಒಡೆದರೆ ಸಿಗುವುದು ಪೌಂಡಿಗೆ 60 ಸೆಂಟ್ ಮಾತ್ರ. ಪೌಂಡೆಂದರೆ ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ. ಈಗ ಗುಣಿಸಿ ನೋಡಿ. ಕ್ರ್ಯಾಂಕು, ಪಿಸ್ಟನ್ನುಗಳನ್ನು ತುಂಬಿದ 20 ಪೌಂಡಿನ ಡಬ್ಬ ಕಾಣೆಯಾದರೆ ಕೈಗೆ 12 ಡಾಲರ್. ಸುಮಾರು 400 ಪೌಂಡ್ ತೂಗುವ ಇಡೀ ಗಾಡಿಯೇ ಹೋದರೂ 240. ಪೂರ್ಣ ಮೌಲ್ಯ ಬೇಡ ಎನ್ನುವವರು ಹಾಗೆಂದು ಬರೆದು ಸಹಿ ಹಾಕಬೇಕಾಗುತ್ತದೆ. ಹೊರಡುವ ಗಡಿಬಿಡಿಯಲ್ಲಿ ಹತ್ತಾರು ಕಾಗದಗಳ ನಡುವೆ ಆ ಸಹಿಯೂ ಬಿದ್ದುಹೋಗುತ್ತದೆ. ನನ್ನ ಪರಿಚಯದ ಹವ್ಯಾಸಿಯೊಬ್ಬರು ಒಹಾಯೊದಿಂದ ಟೆಕ್ಸಸ್‌ಗೆ ಹೋದಾಗ ಸಿಲಿಂಡರ್ ಜೋಡಿ ಇದ್ದ ಡಬ್ಬ ಬರಲೇ ಇಲ್ಲ. ಪರಿಹಾರದ ಚೆಕ್ಕಿನಲ್ಲಿ ಹೊಸ ಗ್ಯಾಸ್ಕೆಟ್ ಸೆಟ್ ಕೂಡ ಬರುತ್ತಿರಲಿಲ್ಲ ಎಂದು ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ.

ಪೂರ್ಣ ಮೌಲ್ಯದ ಹೊಣೆ ಕೊಂಡ ಮಾತ್ರಕ್ಕೆ ಚಿಂತೆ ಮುಗಿಯುವುದಿಲ್ಲ. ಪೌಂಡಿಗೆ 100 ಡಾಲರಿಗಿಂತ ಹೆಚ್ಚು ಬೆಲೆ ಬಾಳುವ ವಸ್ತುಗಳನ್ನು ಮೊದಲೇ ಬರೆದು ಕೊಡದಿದ್ದರೆ ಕಂಪನಿಯ ಹೊಣೆ ಕುಗ್ಗುತ್ತದೆ. ನಾವೇ ಪ್ಯಾಕ್ ಮಾಡಿದ ಡಬ್ಬಗಳಲ್ಲಿ ಏನಾದರೂ ಮುರಿದಿದ್ದರೆ ಹಕ್ಕು ಸಾಧಿಸುವುದು ಇನ್ನೂ ಕಷ್ಟ. ಇಂಜಿನ್ ಭಾಗಗಳನ್ನು ಯಾರು ತಾನೇ ಬೇರೆಯವರ ಕೈಯಲ್ಲಿ ಪ್ಯಾಕ್ ಮಾಡಿಸುತ್ತಾರೆ?

ಆದ್ದರಿಂದ ನಾನು ಗ್ಯಾರೇಜಿನ ಪ್ರತಿಯೊಂದು ವಸ್ತುವಿಗೂ ಒಂದೇ ಪ್ರಶ್ನೆ ಹಾಕಿಕೊಂಡೆ: ಪೌಂಡಿಗೆ ಇದರ ಬೆಲೆ ಎಷ್ಟು? ದೂರದ ಸಾಗಣೆಗೆ ದರ ಹಾಕುವುದು ತೂಕ ಮತ್ತು ದೂರದ ಮೇಲೆ. ನಮಗೆ ಕೊಟ್ಟ ಅಂದಾಜು ಪತ್ರದಲ್ಲಿ ಪೌಂಡಿಗೆ ಸುಮಾರು 80 ಸೆಂಟ್ ಬಿತ್ತು. ಬೇರಿಂಗ್ ಒತ್ತುವ ಹೈಡ್ರಾಲಿಕ್ ಪ್ರೆಸ್ 150 ಪೌಂಡ್ ತೂಗುತ್ತದೆ. ಸಾಗಿಸಲು 120 ಡಾಲರ್. ಅದನ್ನು ಅಲ್ಲೇ 100ಕ್ಕೆ ಮಾರಿ, ಇಲ್ಲಿ 200 ಕೊಟ್ಟು ಹೊಸದು ತಂದರೆ ಕೈಯಿಂದ ಹೋಗುವುದು 100. ಮಾರುವುದೇ ಸರಿ. ಬೆಂಚ್ ವೈಸ್, ಹಳೇ ಟೈರುಗಳು, ಕಬ್ಬಿಣದ ಕಪಾಟು ಎಲ್ಲವೂ ಇದೇ ಲೆಕ್ಕದಲ್ಲಿ ಅಲ್ಲೇ ಉಳಿದವು. ಕಾರ್ಬುರೇಟರು, ರೀಡ್ ವಾಲ್ವು, ಅಳತೆಯ ಮೈಕ್ರೋಮೀಟರು ಇವು ಹಗುರ, ಆದರೆ ದುಬಾರಿ. ಇವು ನಮ್ಮ ಕಾರಿನಲ್ಲೇ ಬಂದವು. ಗ್ಯಾರೇಜಿನ ತೂಕವನ್ನು ಎಲ್ಲರೂ ಕಡಿಮೆ ಅಂದಾಜಿಸುತ್ತಾರೆ ಎಂಬುದನ್ನೂ ಹೇಳಬೇಕು. ಅಂದಾಜು ಖಚಿತವಲ್ಲದ ಬಗೆಯದ್ದಾಗಿದ್ದರೆ ಸಾಮಾನು ಇಳಿಸುವಾಗ ಅಂದಾಜಿನ ಶೇ 110ರವರೆಗೆ ಕೇಳಬಹುದು, ಮಿಕ್ಕಿದ್ದಕ್ಕೆ ಬಿಲ್ ಆಮೇಲೆ ಬರುತ್ತದೆ.

ಇಂಜಿನ್ ವಿಷಯದಲ್ಲಿ ನನ್ನ ತೀರ್ಮಾನ ಎರಡೇ: ಜೋಡಿಸು, ಇಲ್ಲವೇ ಮಾರು. ಡಬ್ಬದಲ್ಲಿ ಒಯ್ಯುವುದು ಮಾತ್ರ ಬೇಡ. ಕ್ರ್ಯಾಂಕನ್ನು ಕೇಸಿನೊಳಗೆ ಕೂರಿಸಿ, ಸಿಲಿಂಡರ್ ಹಾಕಿ, ಎಲ್ಲ ಬಾಯಿಗಳನ್ನೂ ಮುಚ್ಚಿ, ಒಳಗೆ 6 ಪಿಎಸ್‌ಐ ಗಾಳಿ ತುಂಬಿ, ಸೋರದೆ ನಿಲ್ಲುತ್ತದೆಯೇ ಎಂದು ನೋಡಿದೆ. ಟೂ-ಸ್ಟ್ರೋಕಿನಲ್ಲಿ ಸೀಲಿನಿಂದ ಗಾಳಿ ಎಳೆದರೆ ಪೆಟ್ರೋಲ್ ಮಿಶ್ರಣ ತೆಳುವಾಗಿ ಪಿಸ್ಟನ್ ಸುಡುತ್ತದೆ. ಹೊರಡುವ ಮುಂಚೆ ಪರೀಕ್ಷೆ ಮಾಡಿದರೆ ದಾರಿಯಲ್ಲಿ ಪೆಟ್ಟಾಯಿತೋ ಮೊದಲೇ ತೊಂದರೆ ಇತ್ತೋ ಎಂಬ ಪ್ರಶ್ನೆಗೆ ಉತ್ತರವೂ ಕೈಯಲ್ಲಿರುತ್ತದೆ. ಹೆಚ್ಚುವರಿ ಸಿಲಿಂಡರ್ ಜೋಡಿ, ಇನ್ನೊಂದು ಜೊತೆ ಸೈಲೆನ್ಸರ್ ಪೈಪುಗಳನ್ನು ಮಾರ್ಚಿನಲ್ಲಿ ಮಾರಿದೆ. ಸಿಲ್ವರ್ ಲೇಕ್ ತೆರೆಯುವ ಮುನ್ನ ಎಲ್ಲರಿಗೂ ಅವಸರ ಇರುತ್ತದೆ, ಬೆಲೆ ಚೆನ್ನಾಗಿ ಬರುತ್ತದೆ. ಟ್ಯಾಂಕಿನ ಪೆಟ್ರೋಲನ್ನೂ ಕಾರ್ಬುರೇಟರಿನಲ್ಲಿದ್ದದ್ದನ್ನೂ ಪೂರ್ತಿ ಖಾಲಿ ಮಾಡಿದ ಮೇಲೆ ಗಾಡಿ ಲಾರಿ ಹತ್ತಿತು. ಪೆಟ್ರೋಲ್, ಆಯಿಲ್ ಕ್ಯಾನುಗಳನ್ನು ಮೂವರ್ಸ್ ಮುಟ್ಟುವುದಿಲ್ಲ.

ಮನೆ ಬದಲಿಸಿದಾಗ ಇಂಜಿನ್ನಿಗೆ ಗಾಳಿಯೂ ಬದಲಾಗುತ್ತದೆ. ದುಡ್ಡಿನ ದೃಷ್ಟಿಯಿಂದ ಹೆಚ್ಚು ಜನ ಯೋಚಿಸದ ವಿಷಯ ಇದು. ಡೆಟ್ರಾಯಿಟ್ ಸಮುದ್ರಮಟ್ಟದಿಂದ ಸುಮಾರು 190 ಮೀಟರ್ ಎತ್ತರದಲ್ಲಿದೆ, ಡೆನ್ವರ್ ಸುಮಾರು 1,600 ಮೀಟರ್. ಸಾವಿರ ಅಡಿ ಮೇಲೇರಿದಂತೆ ಶೇ 3ರಷ್ಟು ಶಕ್ತಿ ಇಳಿಯುತ್ತದೆ ಎಂಬುದು ಮೆಕ್ಯಾನಿಕ್ಕುಗಳ ಸ್ಥೂಲ ಲೆಕ್ಕ. ತೆಳು ಗಾಳಿಗೆ ಪೆಟ್ರೋಲ್ ಹೆಚ್ಚಾಗಿ, ಪ್ಲಗ್ಗು ಕಪ್ಪಾಗಿ, ಗಾಡಿ ಮಂಕಾಗುತ್ತದೆ. ಇದಕ್ಕೆ ಕಾರ್ಬುರೇಟರಿನ ಮೇನ್ ಜೆಟ್ ಸಣ್ಣದು ಹಾಕಬೇಕು. ಜೆಟ್ಟಿನ ಬೆಲೆ ಕೆಲವೇ ಡಾಲರ್. ಬೆಟ್ಟದಿಂದ ತಗ್ಗಿಗೆ ಹೋಗುವವರು ಮಾತ್ರ ಜೆಟ್ ಬದಲಿಸದೆ ಒಂದು ಸುತ್ತೂ ಹೊಡೆಯಬಾರದು. ಅಲ್ಲಿ ಮಿಶ್ರಣ ತೆಳುವಾಗಿ 220 ಡಾಲರಿನ ಪಿಸ್ಟನ್ನುಗಳಿಗೆ ತೂತು ಬೀಳಬಹುದು.

ಪೆಟ್ರೋಲೂ ಬೇರೆ. ಮಿಶಿಗನ್ನಿನಲ್ಲಿ 93 ಆಕ್ಟೇನ್ ಸಿಗುತ್ತದೆ. ಕೊಲರಾಡೊದಲ್ಲಿ ಸಾದಾ ಪೆಟ್ರೋಲ್ 85, ಪ್ರೀಮಿಯಂ 91. ಹೆಡ್ಡಿನ ಕಂಪ್ರೆಷನ್ ಎಷ್ಟಿರಬೇಕು ಎಂಬುದು ಎತ್ತರ, ಪೆಟ್ರೋಲ್ ಎರಡನ್ನೂ ಅವಲಂಬಿಸಿರುವುದರಿಂದ, ಯಾವ ಊರೆಂದು ಗೊತ್ತಾಗುವ ಮುನ್ನ ಹೆಡ್ಡಿನೊಳಗೆ ಕೂರುವ ಹೊಸ ಡೋಮ್ ಕೊಳ್ಳುವುದು ವ್ಯರ್ಥ ಖರ್ಚು. ಮಾರುವವರಿಗೂ ಒಂದು ಮಾತು. ಅದೇ ಇಂಜಿನ್ನಿಗೆ ಅದೇ ಗೇಜ್ ಹಾಕಿದರೂ ಡೆನ್ವರ್‌ನಲ್ಲಿ ಕಂಪ್ರೆಷನ್ ಕಡಿಮೆ ತೋರಿಸುತ್ತದೆ. ಇಂಜಿನ್ ಸವೆದಿದೆ ಎಂದು ಚೌಕಾಶಿ ಮಾಡಲು ಅದೊಂದು ಸಾಕು. ಮಾರುವುದಿದ್ದರೆ ತಗ್ಗಿನಲ್ಲೇ ಮಾರಿ.

ಮನೆ ಸಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಾಲ ಮಂಜೂರಾದ ಮೇಲೂ ಬೀಗದ ಕೈ ಸಿಗುವ ಮುನ್ನ ಬ್ಯಾಂಕು ಮತ್ತೊಮ್ಮೆ ನಿಮ್ಮ ಸಾಲಗಳನ್ನು ನೋಡಬಹುದು. ಆ ವಾರಗಳಲ್ಲಿ ಕ್ರೆಡಿಟ್ ಕಾರ್ಡಿನಲ್ಲಿ ಬಿಡಿಭಾಗ ತರಿಸಬೇಡಿ. ಗಾಡಿಗೆಂದು ಮೂರು ಕಾರಿನ ಗ್ಯಾರೇಜಿರುವ ಮನೆ ಹುಡುಕುವುದು ನನಗೆ ಒಪ್ಪಿಗೆಯಿಲ್ಲ. ಆ ಹೆಚ್ಚಿನ ಬೆಲೆಗೆ 30 ವರ್ಷ ಬಡ್ಡಿ ಕಟ್ಟುವ ಬದಲು ಬೇಕಾದಾಗ ಒಂದು ಸ್ಟೋರೇಜ್ ಕೋಣೆ ಬಾಡಿಗೆಗೆ ಹಿಡಿಯಬಹುದು. ಬಡಾವಣೆಯ ನಿವಾಸಿಗಳ ಸಂಘ ಮನೆ ಮುಂದೆ ಟ್ರೇಲರ್ ನಿಲ್ಲಿಸಲು ಬಿಡುತ್ತದೆಯೇ ಎಂಬುದನ್ನು ಮಾತ್ರ ಕೊಳ್ಳುವ ಮುನ್ನವೇ ಓದಿಕೊಳ್ಳಿ. ಓಡಿಸುವ ಜಾಗ ಎಲ್ಲಿದೆ ಎಂಬುದನ್ನೂ ಮೊದಲೇ ವಿಚಾರಿಸಿ: ಕೊಲರಾಡೊದ ಪ್ರಸಿದ್ಧ ಗ್ರೇಟ್ ಸ್ಯಾಂಡ್ ಡ್ಯೂನ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಕ್ವಾಡ್‌ಗಳಿಗೆ ಪ್ರವೇಶವಿಲ್ಲ. ವಾಲ್ಡನ್ ಹತ್ತಿರದ ನಾರ್ತ್ ಸ್ಯಾಂಡ್ ಹಿಲ್ಸ್‌ಗೆ ಹೋಗಬೇಕು, ಅದು 8,000 ಅಡಿಗೂ ಮೇಲೆ. ಅಂದರೆ ಜೆಟ್ ಇನ್ನೂ ಸಣ್ಣದಾಗಬೇಕು.

ಸಾಮಾನು ಇಳಿದ ದಿನ ಅಡುಗೆಮನೆಯ ಡಬ್ಬಗಳು ಮೊದಲು ತೆರೆಯುತ್ತವೆ, ಮಕ್ಕಳದ್ದು ಆಮೇಲೆ. ಗ್ಯಾರೇಜಿನ ಡಬ್ಬಗಳು ಮುಂದಿನ ಚಳಿಗಾಲದವರೆಗೂ ಮೂಲೆಯಲ್ಲೇ ಇರುತ್ತವೆ. ಆದರೆ ಸಾಗಣೆಯಲ್ಲಿ ಆದ ನಷ್ಟಕ್ಕೆ ಲಿಖಿತ ಹಕ್ಕುಪತ್ರ ಸಲ್ಲಿಸಲು ಇರುವ ಅವಧಿ, ಸಾಮಾನು ಕೈಸೇರಿದ ದಿನದಿಂದ ಸಾಮಾನ್ಯವಾಗಿ 9 ತಿಂಗಳು. ಪಟ್ಟಿ ಕೈಯಲ್ಲಿ ಹಿಡಿದು ಮೊದಲ ತಿಂಗಳಲ್ಲೇ ಎಲ್ಲವನ್ನೂ ತೆರೆದು ನೋಡಿ.