ಬೆಟ್ಟದ ಮರೆಯಲ್ಲಿ ನಿಸ್ತಂತು ಜಾಲ

ಚಿಕ್ಕಬಳ್ಳಾಪುರದ ಸ್ಕಂದಗಿರಿ, ಚಿಂತಾಮಣಿಯ ಬಳಿಯ ಕೈವಾರ ಬೆಟ್ಟ, ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟ ಮುಂತಾದ ಗಿರಿಗಳಲ್ಲಿ ಚಾರಣ ಮಾಡುವಾಗ, ಬಂಡೆಯ ಮರೆಗೆ ಸರಿದೊಡನೆ ಮೊಬೈಲ್ ಮೂಕವಾಗುವುದುಂಟು. ಕಾಲು ಉಳುಕಿ ಹಿಂದುಳಿದವನ ಸುದ್ದಿ ಮುಂದೆ ನಡೆದವರಿಗೆ ತಲುಪುವುದೆಂತು? ಇದಕ್ಕೆ ಒದಗುವ ಸಾಧನವೇ ನಿಸ್ತಂತು ಜಾಲ.

ಲೋರಾ ಎಂಬ ರೇಡಿಯೊ ವಿಧಾನದಿಂದ ನಡೆಯುವ ಈ ಪುಟ್ಟ ಸಾಧನಗಳಿಗೆ ಗೋಪುರವಾಗಲಿ ಅಂತರ್ಜಾಲವಾಗಲಿ ಬೇಕಿಲ್ಲ. 2020ರಲ್ಲಿ ಆರಂಭವಾದ ಮೆಶ್‌ಟಾಸ್ಟಿಕ್ ಇವುಗಳಿಗೆಂದೇ ರಚಿತವಾದ ಮುಕ್ತ ತಂತ್ರಾಂಶ. ಮೊಬೈಲಿನಲ್ಲಿ ಬರೆದ ಸಂದೇಶವು ಬ್ಲೂಟೂತ್ ಮೂಲಕ ಸಾಧನವನ್ನು ಸೇರಿ, ಅಲ್ಲಿಂದ ಅಲೆಯಾಗಿ ಹೊರಡುತ್ತದೆ. ಅದನ್ನು ಕೇಳಿದ ಇನ್ನೊಂದು ಸಾಧನ ಕ್ಷಣಕಾಲ ಕಾಯುತ್ತದೆ; ಬೇರೊಂದು ಅದನ್ನು ಸಾಗಿಸಿದ್ದರೆ ಸುಮ್ಮನಿರುತ್ತದೆ, ಇಲ್ಲವಾದರೆ ತಾನೇ ಸಾಗಿಸುತ್ತದೆ. ಇಂತಹ ಜಿಗಿತಗಳು ಸಾಮಾನ್ಯವಾಗಿ 3, ಗರಿಷ್ಠ 7.

ಸಿದ್ಧತೆಯ ಕ್ರಮ ಹೀಗಿದೆ. ಮೊದಲು ಆಂಟೆನಾ ಜೋಡಿಸಿ, ಅನಂತರವೇ ವಿದ್ಯುತ್ ಕೊಡಬೇಕು. ತಪ್ಪಿದರೆ ಪ್ರೇಷಕ ಕೆಡಬಹುದು. ಪ್ರದೇಶವನ್ನು ಭಾರತವೆಂದು ಆರಿಸಬೇಕು. ಇಲ್ಲಿ 865–867 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ನಿಗದಿತ ಶಕ್ತಿಮಿತಿಯೊಳಗೆ, ಅನುಮೋದಿತ ಉಪಕರಣವನ್ನು ಪರವಾನಗಿಯಿಲ್ಲದೆ ಬಳಸಬಹುದು. ಆಂಟೆನಾ ಈ ಪಟ್ಟಿಗೇ ತಕ್ಕುದಾಗಿರಬೇಕು. ಗೌರಿಬಿದನೂರಿನ ರೇಡಿಯೊ ದೂರದರ್ಶಕವು 34.5 ಮೆಗಾಹರ್ಟ್ಸ್‌ನಲ್ಲಿ ಆಲಿಸಿದ ಅಲೆಯ ಉದ್ದ ಸುಮಾರು 8.7 ಮೀಟರ್, ಇಲ್ಲಿನ ಅಲೆಯದು ಸುಮಾರು 35 ಸೆಂಟಿಮೀಟರ್. ಆದುದರಿಂದಲೇ ಇಲ್ಲಿ ಗೇಣುದ್ದದೊಳಗಿನ ಆಂಟೆನಾ ಸಾಕಾಗುತ್ತದೆ. ತಂಡದ ಎಲ್ಲ ಸಾಧನಗಳಲ್ಲಿಯೂ ವಾಹಿನಿಯ ಹೆಸರು, ಗುಪ್ತಕೀಲಿಗಳು ಒಂದೇ ಆಗಿರತಕ್ಕದ್ದು.

ಈ ಅಲೆಗಳು ಬಯಲಿನಲ್ಲಿ ಹಲವು ಕಿಲೋಮೀಟರ್ ಸಾಗಿದರೂ ಬೆಟ್ಟವನ್ನು ತೂರಿ ಹೋಗಲಾರವು. ಆದಕಾರಣ ಎರಡೂ ಇಳಿಜಾರುಗಳು ಕಾಣುವ ನೆತ್ತಿಯ ಮೇಲೆ ಸಾಧನದೊಡನೆ ಒಬ್ಬನು ನಿಲ್ಲುವುದು ಅವಶ್ಯ. ಅವನು ಇಳಿದುಬಂದರೆ ಜಾಲವೂ ಕಡಿಯುತ್ತದೆ.

ಒಂದು ಸಂದೇಶಕ್ಕೆ ದೊರೆಯುವ ಸ್ಥಳ ಸುಮಾರು 200 ಬೈಟ್ ಮಾತ್ರ. ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಬೇಕಾಗುವುದರಿಂದ, ಒತ್ತಕ್ಷರ ಗುಣಿತಗಳನ್ನೂ ಎಣಿಸಿದರೆ ಅರುವತ್ತೈದು ಚಿಹ್ನೆಗಳಷ್ಟೇ ಹಿಡಿಯುತ್ತವೆ. ‘ನಿಂತಿದ್ದೇವೆ’, ‘ನೆರವು ಬೇಕು’ ಎಂಬಂತಹ ಚುಟುಕು ಮಾತುಗಳನ್ನು ಹೊರಡುವ ಮುನ್ನವೇ ಗೊತ್ತುಮಾಡಿಕೊಳ್ಳುವುದು ಲೇಸು.

ಕೊನೆಯದಾಗಿ ವಿದ್ಯಾರ್ಥಿಗಳು ನೆನಪಿಡಬೇಕಾದುದೊಂದಿದೆ. ಸಮೂಹ ಸಂದೇಶದ ಮೇಲೆ ಮೂಡುವ ‘ತಲುಪಿತು’ ಎಂಬ ಗುರುತು, ಯಾವುದೋ ಒಂದು ಸಾಧನ ಅದನ್ನು ಕೇಳಿ ಸಾಗಿಸಿತೆಂಬುದನ್ನಷ್ಟೇ ಹೇಳುತ್ತದೆ. ಎಲ್ಲರೂ ಓದಿದರೆಂದು ಹೇಳುವುದಿಲ್ಲ. ಆದುದರಿಂದ ಪ್ರತಿಯೊಬ್ಬನೂ ಓಗೊಡಬೇಕು; ಓಗೊಡದವನನ್ನು ಉಳಿದವರು ಹುಡುಕಿ ಹೋಗಬೇಕು. ಯಂತ್ರವು ಮಾತನ್ನು ಹೊರಬಲ್ಲುದು. ಹೊಣೆಯನ್ನು ಹೊರುವವರು ಜೊತೆಯವರೇ.