ಗೋಡೆ, ಫ್ಲೆಕ್ಸ್, ಫೋನು: ನಮ್ಮ ಕಡೆ ಜಾಹೀರಾತಿನ ಕೆಲಸ ಬದಲಾದ ಬಗೆ

ಜಾಹೀರಾತು ಅಂದ ಕೂಡಲೇ ನಮಗೆ ಮುಂಬೈ, ಬೆಂಗಳೂರಿನ ದೊಡ್ಡ ಏಜೆನ್ಸಿಗಳು ನೆನಪಾಗುತ್ತವೆ. 1967ರಲ್ಲಿ ವಿವಿಧ ಭಾರತಿ, 1976ರಲ್ಲಿ ದೂರದರ್ಶನ ಜಾಹೀರಾತು ಪ್ರಸಾರ ಶುರು ಮಾಡಿದ ಮೇಲೆ ಆ ಉದ್ಯಮ ಮನೆಮನೆಗೂ ತಲುಪಿತು. ಆದರೆ ಗೋಕಾಕದ ಕರದಂಟಿನ ಅಂಗಡಿ, ಮೂಡಲಗಿಯ ಬೀಜ-ಗೊಬ್ಬರದ ಅಂಗಡಿ, ಹುಕ್ಕೇರಿಯ ಬಟ್ಟೆ ಅಂಗಡಿಗಳ ಹೆಸರನ್ನು ಜನರ ಕಣ್ಣಿಗೆ ಹಾಕಿದವರು ಊರಿನ ಪೇಂಟರ್‌ಗಳು. ಈ ಕೆಲಸ ಕೈಯಿಂದ ಯಂತ್ರಕ್ಕೆ, ಯಂತ್ರದಿಂದ ಫೋನಿಗೆ ಹೋದಾಗ ಏನು ಬಂತು, ಏನು ಹೋಯಿತು ಅಂತ ಈ ಪಾಠದಲ್ಲಿ ನೋಡೋಣ. ನಡುವೆ ಸ್ವಲ್ಪ ಲೆಕ್ಕ ಬರ್ತದ, ಹೆದರಬ್ಯಾಡ್ರಿ.

1. ಗೋಡೆ

ಗೋಡೆ ಬರೆಯುವ ಪೇಂಟರ್ ಒಬ್ಬರೇ ನಾಲ್ಕು ಕೆಲಸ ಮಾಡುತ್ತಿದ್ದರು. ಬಸ್ಸು ಎಲ್ಲಿ ನಿಧಾನ ಆಗ್ತದೆ ಅಂತ ನೋಡಿ ಗೋಡೆ ಆರಿಸುವುದು, ಆ ಮನೆಯವರನ್ನು ಒಪ್ಪಿಸುವುದು, ಅಂಗಡಿಯವರು ಹೇಳಿದ ಇಪ್ಪತ್ತು ಮಾತನ್ನು ಐದಕ್ಕೆ ಇಳಿಸುವುದು, ಆಮೇಲೆ ಸುಣ್ಣ ಹಚ್ಚಿ, ಗೆರೆ ಹೊಡೆದು ಬರೆಯುವುದು.

ಮಾತು ಕಡಿಮೆ ಮಾಡುವುದರ ಹಿಂದೆ ಲೆಕ್ಕವಿದೆ. ಬೋರ್ಡಿನ ಕೆಲಸದಲ್ಲಿ ಬಳಕೆಯಲ್ಲಿರುವ ಒಂದು ಅಂದಾಜು ಸೂತ್ರ ಹೀಗಿದೆ: 10 ಅಡಿ ದೂರಕ್ಕೆ 1 ಅಂಗುಲ ಎತ್ತರದ ಅಕ್ಷರ. ಅಂದರೆ ಅಕ್ಷರದ ಎತ್ತರ, ದೂರದ 120ನೇ ಒಂದು ಭಾಗ. ಗೋಕಾಕ–ಘಟಪ್ರಭಾ ರಸ್ತೆಯಲ್ಲಿ 60 ಮೀಟರ್ ದೂರದಿಂದ ಓದುವಂತೆ ಬರೆಯಬೇಕು ಅಂದುಕೊಳ್ಳಿ. ಅಕ್ಷರ ಅರ್ಧ ಮೀಟರ್ ಎತ್ತರ ಇರಬೇಕಾಯಿತು. ಬಸ್ಸು ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತದೆ. ಕಿಟಕಿಯ ಪಕ್ಕ ಕೂತವರಿಗೆ ಸಿಗುವುದು ನಾಲ್ಕು ಸೆಕೆಂಡು ಮಾತ್ರ. ಅಷ್ಟರಲ್ಲಿ ಇಪ್ಪತ್ತು ಮಾತು ಓದಿ ನೆನಪಿಟ್ಟುಕೊಳ್ಳಲು ಯಾರಿಂದ ಆದೀತು?

ಕನ್ನಡಕ್ಕೆ ಇನ್ನೊಂದು ತೊಡಕು ಇದೆ, ಒತ್ತಕ್ಷರ. ‘ಮೂಡಲಗಿ’ ಒಂದೇ ಸಾಲಿನ ಎತ್ತರದಲ್ಲಿ ಮುಗಿಯುತ್ತದೆ. ‘ಹುಕ್ಕೇರಿ’ಯ ಕ-ಒತ್ತು, ‘ಸಂಕೇಶ್ವರ’ದ ವ-ಒತ್ತು ಕೆಳಗೆ ಇಳಿಯುತ್ತವೆ. ಎರಡು ಸಾಲಿನ ನಡುವೆ ಅದಕ್ಕೆ ಜಾಗ ಬಿಡದಿದ್ದರೆ ಮೇಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಗಡಿಯ ಊರುಗಳಲ್ಲಿ ಕನ್ನಡದ ಜೊತೆ ಮರಾಠಿಯನ್ನೂ ಬರೆಯಬೇಕಾದಾಗ ಎರಡು ಲಿಪಿಗಳ ಅಳತೆ ಕೈಯಲ್ಲಿರಬೇಕು. ಇದನ್ನೆಲ್ಲ ಪೇಂಟರ್ ಕಲಿತದ್ದು ಗುರುವಿನ ಹತ್ತಿರ, ಬಣ್ಣ ಕಲಸುತ್ತಾ.

ಗೋಡೆಯ ಕೆಲಸ ಯಂತ್ರದಿಂದಷ್ಟೇ ಕಡಿಮೆಯಾಗಲಿಲ್ಲ. ಹುಕ್ಕೇರಿಯ ನೆರೆಯ ನಿಪ್ಪಾಣಿ ತಂಬಾಕಿಗೆ ಹೆಸರಾದ ಊರು. ತಂಬಾಕಿನ ಜಾಹೀರಾತು ನಿಷೇಧಿಸುವ 2003ರ ಕಾಯ್ದೆಯ ನಿಯಮ 2004ರ ಮೇ 1ರಿಂದ ಜಾರಿಗೆ ಬಂತು. ಬೀಡಿಯ ಗೋಡೆ ಬರಹಕ್ಕೆ ಅಲ್ಲಿಗೆ ಕಾನೂನಿನ ಬಾಗಿಲು ಮುಚ್ಚಿತು. ಜನರ ಆರೋಗ್ಯಕ್ಕೆ ಅದು ಒಳ್ಳೆಯದೇ, ಆದರೆ ಕುಂಚ ಹಿಡಿದವರಿಗೆ ಒಂದು ದುಡಿಮೆ ತಪ್ಪಿತು.

2. ಫ್ಲೆಕ್ಸ್

ಫ್ಲೆಕ್ಸ್ ಬಂದ ಮೇಲೆ ದಿನಗಟ್ಟಲೆಯ ಕೆಲಸ ಗಂಟೆಗಳಲ್ಲಿ ಮುಗಿಯತೊಡಗಿತು. ದರ ಚದರ ಅಡಿಯ ಲೆಕ್ಕ, ಅಕ್ಷರ ಎಷ್ಟಿದ್ದರೂ ಅಷ್ಟೇ ದುಡ್ಡು. ಪೇಂಟರ್‌ಗೆ ಪ್ರತಿ ಅಕ್ಷರಕ್ಕೂ ಶ್ರಮವಿತ್ತು, ಹಾಗಾಗಿ ಮಾತು ತಾನಾಗಿ ಕಡಿಮೆ ಆಗುತ್ತಿತ್ತು. ಯಂತ್ರಕ್ಕೆ ಆ ಶ್ರಮವಿಲ್ಲ. ಅದಕ್ಕೇ ಫ್ಲೆಕ್ಸಿನಲ್ಲಿ ನಲವತ್ತು ಫೋಟೋ, ಅರವತ್ತು ಹೆಸರು!

ಇಲ್ಲೊಂದು ಲೆಕ್ಕ. 10 ಅಡಿ ಅಗಲದ ಫ್ಲೆಕ್ಸ್ ಅಂದರೆ 120 ಅಂಗುಲ. ಅಂಗುಲಕ್ಕೆ 72 ಪಿಕ್ಸೆಲ್‌ನಂತೆ ವಿನ್ಯಾಸ ಮಾಡಿದರೆ ಅಗಲಕ್ಕೆ 8,640 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಬಂದ ಫೋಟೋದ ಅಗಲ 1,600 ಪಿಕ್ಸೆಲ್ ಇದ್ದು, ಅದನ್ನೇ ಪೂರ್ತಿ ಹಿಗ್ಗಿಸಿದರೆ ಅಂಗುಲಕ್ಕೆ ಸಿಗುವುದು 13 ಪಿಕ್ಸೆಲ್ ಮಾತ್ರ. ಹತ್ತಿರ ನಿಂತರೆ ಮುಖವೆಲ್ಲ ಚೌಕ ಚೌಕ.

ಅಕ್ಷರದ ಕಥೆ ಇನ್ನೂ ಕಷ್ಟದ್ದು. 1998ರಲ್ಲಿ ಬಂದ ‘ಬರಹ’, ಆಮೇಲೆ ಬಂದ ‘ನುಡಿ’ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಸುಲಭ ಮಾಡಿದವು. ಆದರೆ ಹಳೆಯ ನುಡಿ ಫಾಂಟ್‌ಗಳ ಸಂಕೇತ ಬೇರೆ, ನಮ್ಮ ಫೋನಿನ ಯುನಿಕೋಡ್ ಬೇರೆ. ಗಿರಾಕಿ ಫೋನಿನಿಂದ ಕಳಿಸಿದ ಸಾಲನ್ನು ಹಳೆಯ ಫಾಂಟಿಗೆ ನೇರವಾಗಿ ಹಾಕಿದರೆ ಅಕ್ಷರ ಸರಿಯಾಗಿ ಮೂಡುವುದಿಲ್ಲ. ಪರಿವರ್ತಿಸಬೇಕು, ಇಲ್ಲವೇ ಮತ್ತೆ ಟೈಪ್ ಮಾಡಬೇಕು. ರಾತ್ರಿ ಹತ್ತಕ್ಕೆ ಆರ್ಡರು, ಬೆಳಗ್ಗೆ ಕಾರ್ಯಕ್ರಮ. ಆ ಅವಸರದಲ್ಲಿ ‘ಶುಭಾಶಯ’ ಹೋಗಿ ‘ಶುಭಾಷಯ’ ಆಗುತ್ತದೆ. ಬರೆದವರು ಒಬ್ಬರು, ಟೈಪ್ ಮಾಡಿದವರು ಇನ್ನೊಬ್ಬರು, ಕಟ್ಟಿದವರು ಮತ್ತೊಬ್ಬರು. ತಪ್ಪು ಯಾರದು ಅಂತ ಕೇಳಿದರೆ ಯಾರದೂ ಅಲ್ಲ.

2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲಗಳ ಜೊತೆಗೆ ಪ್ಲಾಸ್ಟಿಕ್‌ನ ಫ್ಲೆಕ್ಸ್, ಬ್ಯಾನರ್‌ಗಳನ್ನೂ ನಿಷೇಧಿಸಿತು. ಸುಣ್ಣದ ಗೋಡೆಯನ್ನು ಮತ್ತೆ ಬರೆಯಬಹುದಿತ್ತು, ಹರಿದ ಫ್ಲೆಕ್ಸ್ ಮಣ್ಣಿನಲ್ಲಿ ಕರಗುವುದಿಲ್ಲ.

3. ಫೋನು

ಈಗ ಅಂಗಡಿಯವರೇ ಫೋನಿನಲ್ಲಿ ಗೋಕಾಕದ ಮೇಲೆ ಬೆರಳಿಟ್ಟು 30 ಕಿ.ಮೀ. ವೃತ್ತ ಎಳೆಯಬಹುದು. ಮೂಡಲಗಿ, ಹುಕ್ಕೇರಿ ಪಟ್ಟಣಗಳೆರಡೂ ಅದರೊಳಗೆ ಬರುತ್ತವೆ. ಜಾಹೀರಾತು 10,000 ಸಲ ಕಂಡು, 100 ಜನ ಒತ್ತಿ, 4 ಜನ ಕೊಂಡರು ಅಂತ ಉದಾಹರಣೆಗೆ ಇಟ್ಟುಕೊಳ್ಳಿ. ಒತ್ತಿದವರು ನೂರಕ್ಕೆ 1, ಅವರಲ್ಲಿ ಕೊಂಡವರು ನೂರಕ್ಕೆ 4. ಗೋಡೆಯಿಂದ ಇಂಥ ಲೆಕ್ಕ ಎಂದೂ ಸಿಗುತ್ತಿರಲಿಲ್ಲ. ಮೂಡಲಗಿಯಲ್ಲಿ ಕೂತು ವಿಡಿಯೋ ಮಾಡಿ ಪುಣೆಯ ಗಿರಾಕಿಗೆ ಕರದಂಟು ತೋರಿಸಬಹುದು. ಇದು ದೊಡ್ಡ ಲಾಭ, ಅಲ್ಲಗಳೆಯುವಂತಿಲ್ಲ.

ಆದರೆ ಅಂಕಿ ಎಲ್ಲವನ್ನೂ ಹೇಳುವುದಿಲ್ಲ. ಫೋನಿನಲ್ಲಿ ನೋಡಿ, ಒತ್ತದೆ, ಸಂತೆಯ ದಿನ ನೇರವಾಗಿ ಅಂಗಡಿಗೆ ಬಂದವರು ಆ 4ರಲ್ಲಿ ಇಲ್ಲ. ಫೋನಿನ ಭಾಷೆ ನೋಡಿ ಕನ್ನಡ ಓದುಗರನ್ನು ಆರಿಸಿದರೆ, ಫೋನನ್ನು ಇಂಗ್ಲಿಷಿನಲ್ಲಿಟ್ಟುಕೊಂಡು ಕನ್ನಡ ಓದುವ ನಮ್ಮಂಥವರು ಬಿಟ್ಟುಹೋಗುತ್ತೇವೆ. ದುಡ್ಡಿನ ದಾರಿಯೂ ಬದಲಾಗಿದೆ. ಗೋಡೆಯ ಕೂಲಿ ಊರಿನ ಪೇಂಟರ್‌ಗೆ ಸೇರುತ್ತಿತ್ತು. ಫೋನಿನ ಜಾಹೀರಾತಿನ ದುಡ್ಡು ಹೋಗುವುದು ಊರಾಚೆಯ ಕಂಪನಿಗೆ.

4. ಕಲಿಯಬೇಕಾದ್ದು

ನಮ್ಮ ಅಭಿಪ್ರಾಯದಲ್ಲಿ ದೊಡ್ಡ ಬದಲಾವಣೆ ವೇಗದ್ದಲ್ಲ, ಹೊಣೆಯದ್ದು. ಗೋಡೆಯಲ್ಲಿ ಒಂದು ದೀರ್ಘ ತಪ್ಪಿದರೆ ಪೇಂಟರ್ ಅದೇ ದಾರಿಯಲ್ಲಿ ದಿನಾ ಓಡಾಡಬೇಕಿತ್ತು. ನಿಂತು ಕೇಳುವ ಮಂದಿ ಇದ್ದರು. ಇವತ್ತು ಜಾಹೀರಾತು ಮಾಡುವವರಿಗೆ ಓದುವವರ ಮುಖ ಕಾಣುವುದಿಲ್ಲ. ನಮ್ಮಲ್ಲಿ ಎಷ್ಟೋ ಮಂದಿ ನಾಳೆ ಇದೇ ಜಾಹೀರಾತು ತಂತ್ರಾಂಶ ಬರೆಯುವವರು, ಕನ್ನಡ ಫಾಂಟ್ ಮಾಡುವವರು. ಆ ಹೊಣೆಯನ್ನು ತಂತ್ರಾಂಶದೊಳಗೆ ತರುವ ಕೆಲಸ ನಮ್ಮದು: ಅಚ್ಚಿಗೆ ಮುಂಚೆ ಕಾಗುಣಿತ ನೋಡುವುದು, ಒತ್ತಕ್ಷರಕ್ಕೆ ಜಾಗ ಬಿಡುವುದು, ಹಳೆಯ ಫಾಂಟಿನಿಂದ ಯುನಿಕೋಡ್‌ಗೆ ತಪ್ಪಿಲ್ಲದೆ ತರುವುದು.

ಅಭ್ಯಾಸಕ್ಕೆ: ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಉಳಿದಿರುವ ಒಂದು ಗೋಡೆ ಬರಹದ ಫೋಟೋ ತೆಗೆಯಿರಿ. ಅಕ್ಷರದ ಎತ್ತರ, ಒತ್ತಿನ ಇಳಿತ, ಎಷ್ಟು ದೂರದಿಂದ ಓದಲು ಬರುತ್ತದೆ ಎಂಬುದನ್ನು ಅಳೆಯಿರಿ. ಪಕ್ಕದ ಫ್ಲೆಕ್ಸನ್ನೂ ಹಾಗೇ ಅಳೆದು ಹೋಲಿಸಿ. ಬರೆದ ಪೇಂಟರ್ ಊರಲ್ಲೇ ಇದ್ದರೆ ಹೋಗಿ ಮಾತಾಡಿಸಿ, ಅವರು ಗೆರೆ ಹೇಗೆ ಹಾಕುತ್ತಿದ್ದರು ಕೇಳಿ ಬರೆದಿಟ್ಟುಕೊಳ್ಳಿ. ಗೋಡೆಗೆ ಮತ್ತೆ ಸುಣ್ಣ ಬೀಳುವ ಮುಂಚೆ ಈ ಕೆಲಸ ಆಗಬೇಕು.